ಯಾರ ಪೈಕಿ ನೀವು? ಹವಾಯಿ ಜನ ತಮ್ಮದೇ ಕಾಗದ ಓದಲು ಕಲಿತ ಕಥೆ

ನಮ್ಮ ಕಡೆ ಹೊಸಬರು ಮನೆಗೆ ಬಂದರೆ ಹಿರಿಯರು ಹೆಸರು ಕೇಳುವುದಕ್ಕೆ ಮೊದಲೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಯಾವೂರಪ್ಪಾ? ಯಾರ ಪೈಕಿ ನೀನು?" ಊರು ಹೇಳಿ, ಅಜ್ಜನ ಹೆಸರು ಹೇಳಬೇಕು. "ಓ, ಹಾಗಾದ್ರೆ ಕೆರೆ ಹಿಂದಿನ ಮನೆಯವರ ಮೊಮ್ಮಗ" ಅಂತ ಅವರಿಗೆ ಗುರುತು ಹತ್ತಬೇಕು. ಆಮೇಲೆ ಮಾತು ಶುರು. ನ್ಯೂಜಿಲೆಂಡಿನ ಮಾವೊರಿ ಜನರಲ್ಲೂ ಹೀಗೇ. ಸಭೆಯಲ್ಲಿ ಎದ್ದು ನಿಂತವರು ಮೊದಲು ತಮ್ಮ ಬೆಟ್ಟದ ಹೆಸರು ಹೇಳುತ್ತಾರೆ. ಆಮೇಲೆ ನದಿ. ಆಮೇಲೆ ಪೂರ್ವಿಕರು ಬಂದಿಳಿದ ದೋಣಿಯ ಹೆಸರು, ಕುಲದ ಹೆಸರು. ಸ್ವಂತ ಹೆಸರು ಬರುವುದು ಕೊನೆಗೆ. ಇದನ್ನು ಪೆಪೆಹಾ ಅನ್ನುತ್ತಾರೆ.

ಈಗ ಆ ಪ್ರಶ್ನೆಗೆ ಉತ್ತರವೇ ಗೊತ್ತಿಲ್ಲದವರನ್ನು ನೆನೆಸಿಕೊಳ್ಳಿ. ಅಜ್ಜಿ ಹವಾಯಿಯವರಂತೆ, ಅಷ್ಟೇ ಗೊತ್ತು. ಯಾವ ದ್ವೀಪ, ಯಾವ ಹಳ್ಳಿ, ಅಜ್ಜಿ ಯಾವ ಹಾಡು ಹೇಳುತ್ತಿದ್ದರು, ಏನೂ ಗೊತ್ತಿಲ್ಲ. 2020ರ ಅಮೆರಿಕದ ಜನಗಣತಿ ಪ್ರಕಾರ ಮೂಲ ಹವಾಯಿ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹವಾಯಿಯ ಹೊರಗಿದ್ದಾರೆ. ಇಂಥವರು ಬೇರು ಹುಡುಕಲು ಹೊರಟರೆ ಕೈಗೆ ಏನು ಸಿಗುತ್ತೆ? ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಮೊದಲು ಜಾಗ ಎಲ್ಲಿ ಅಂತ ನೋಡೋಣ. ಪೆಸಿಫಿಕ್ ಸಾಗರದ ನಕ್ಷೆ ತೆಗೆದುಕೊಳ್ಳಿ. ಮೇಲೆ ಹವಾಯಿ, ಕೆಳಗೆ ಎಡಕ್ಕೆ ನ್ಯೂಜಿಲೆಂಡ್, ಬಲಕ್ಕೆ ದೂರದಲ್ಲಿ ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪ. ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಬರುವ ತ್ರಿಕೋನವೇ ಪಾಲಿನೇಷ್ಯಾ. ಸಮೋವಾ, ಟೊಂಗಾ, ತಹಿತಿ ಎಲ್ಲ ಅದರ ಒಳಗೆ ಬರುತ್ತವೆ. ಇಷ್ಟು ನೀರಿನ ಮೇಲೆ ಹರಡಿಕೊಂಡವರ ಮಾತು ಮಾತ್ರ ಒಂದೇ ಮನೆಯದು.

1769ರಲ್ಲಿ ಕ್ಯಾಪ್ಟನ್ ಕುಕ್ ತಹಿತಿಗೆ ಬಂದಾಗ ತುಪಾಯಾ ಎಂಬ ಪುರೋಹಿತ ಅವನ ಹಡಗು ಹತ್ತಿದ. ಸಾವಿರಾರು ಕಿಲೋಮೀಟರ್ ದಾಟಿ ನ್ಯೂಜಿಲೆಂಡಿಗೆ ಬಂದರು. ದಡದಲ್ಲಿ ಮಾವೊರಿ ಜನ ನಿಂತಿದ್ದರು. ತುಪಾಯಾ ತನ್ನ ಭಾಷೆಯಲ್ಲೇ ಮಾತಾಡಿದ. ಅವರಿಗೆ ಅರ್ಥ ಆಯಿತು! ಆ ನೆಲಕ್ಕೆ ಅವನು ಹಿಂದೆಂದೂ ಕಾಲಿಟ್ಟವನಲ್ಲ. ನೂರಾರು ವರ್ಷ ದೂರವಿದ್ದ ನೆಂಟರು ಸಿಕ್ಕಿದ ಹಾಗೆ.

ಪದಗಳನ್ನೇ ಕೇಳಿ. ಮನೆಗೆ ಸಮೋವಾದಲ್ಲಿ ಫಲೆ, ತಹಿತಿಯಲ್ಲಿ ಫರೆ, ಹವಾಯಿಯಲ್ಲಿ ಹಲೆ. ಪ್ರೀತಿಗೆ ಸಮೋವಾದಲ್ಲಿ ಅಲೋಫಾ, ಮಾವೊರಿಯಲ್ಲಿ ಅರೋಹಾ, ಹವಾಯಿಯಲ್ಲಿ ನಮಗೆಲ್ಲ ಗೊತ್ತಿರುವ ಅಲೋಹಾ. ಕಣ್ಣಿಗೆ ಮಾವೊರಿಯಲ್ಲಿ ಮತ, ಹವಾಯಿಯಲ್ಲಿ ಮಕ. ಅವರ ಫಕಾರ ಹಕಾರವಾಯಿತು, ತಕಾರ ಕಕಾರವಾಯಿತು. ನಮಗೆ ಇದು ಹೊಸದಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಅಲ್ವಾ? ಅಂಥದ್ದೇ ಸವೆತ ಅಲ್ಲೂ ನಡೆದಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಹವಾಯಿಯಲ್ಲಿ ಮನುಷ್ಯನಿಗೆ ಕನಕ ಅನ್ನುತ್ತಾರೆ. ನಮ್ಮ ಕನಕನಿಗೂ ಅದಕ್ಕೂ ಸಂಬಂಧವಿಲ್ಲ. ಮಾವೊರಿಯಲ್ಲಿ ತಂಗತ ಆಗಿರುವ ಪದವೇ ಅಲ್ಲಿ ಕನಕ. ಒಂದೇ ಥರ ಕೇಳಿಸಿದ್ದೆಲ್ಲ ನೆಂಟಸ್ತಿಕೆ ಅಲ್ಲ. ಬೇರು ಹುಡುಕುವವರು ಮೊದಲು ಎಡವುವುದೇ ಇಲ್ಲಿ.

ಇನ್ನು ಹವಾಯಿಗೇ ಬರುತ್ತೇನೆ. "ಅವರದ್ದು ಬರವಣಿಗೆ ಇಲ್ಲದ ಸಂಸ್ಕೃತಿ, ಹಾಗಾಗಿ ಎಲ್ಲ ಕಳೆದುಹೋಯಿತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1820ರಲ್ಲಿ ಮಿಷನರಿಗಳು ಬಂದರು. 1822ರಲ್ಲಿ ಮೊದಲ ಹಾಳೆ ಅಚ್ಚಾಯಿತು. ಜನ ಓದು ಬರಹವನ್ನು ಎಷ್ಟು ಬೇಗ ಕಲಿತರು ಅಂದರೆ, ಕೆಲವೇ ದಶಕಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಅಕ್ಷರಸ್ಥರಿದ್ದ ನಾಡುಗಳ ಸಾಲಿಗೆ ಹವಾಯಿ ಸೇರಿತು. 1834ರಲ್ಲಿ ಮೊದಲ ಪತ್ರಿಕೆ. 1861ರಲ್ಲಿ ಹವಾಯಿಯವರೇ ನಡೆಸಿದ ಪತ್ರಿಕೆ. ಕೊನೆಯ ಪತ್ರಿಕೆ ಹಿಲೋ ಪಟ್ಟಣದಲ್ಲಿ ನಿಂತಿದ್ದು 1948ರಲ್ಲಿ. ಈ ನಡುವೆ ಹವಾಯಿಯನ್ ಭಾಷೆಯಲ್ಲಿ ಸುಮಾರು ನೂರು ಪತ್ರಿಕೆಗಳು ಬಂದುಹೋದವು. ಪುಟಗಳ ಲೆಕ್ಕ ಹಾಕಿದರೆ ಸುಮಾರು 1,25,000. ದೊಡ್ಡ ಹಾಳೆ, ಒತ್ತಾದ ಸಣ್ಣ ಅಕ್ಷರ. ಸತ್ತವರಿಗೆ ಬರೆದ ಶೋಕಗೀತೆ, ವಾರ ವಾರ ಬರುತ್ತಿದ್ದ ಪುರಾಣ ಕಥೆ, ವಂಶಾವಳಿ, ಮೀನುಗಾರಿಕೆ, ಗಾಳಿ ಮಳೆಯ ಹೆಸರು, ಓದುಗರ ಜಗಳ. ಏನು ಬೇಕಾದರೂ ಇದೆ. ಅಜ್ಜ ಅಜ್ಜಿಯರಿಗೆ ಗೊತ್ತಿದ್ದದ್ದು ತಮ್ಮೊಂದಿಗೆ ಹೋಗಬಾರದು ಅಂತಲೇ ಎಷ್ಟೋ ಜನ ಪತ್ರಿಕೆಗೆ ಬರೆದು ಕಳಿಸಿದರು.

ಕಾಗದ ಉಳಿಯಿತು. ಓದುವವರು ಉಳಿಯಲಿಲ್ಲ.

1893ರಲ್ಲಿ ಸಕ್ಕರೆ ತೋಟದವರೂ ವ್ಯಾಪಾರಿಗಳೂ ಸೇರಿ ರಾಣಿ ಲಿಲಿಉಓಕಲಾನಿಯನ್ನು ಪಟ್ಟದಿಂದ ಇಳಿಸಿದರು. ಅಮೆರಿಕದ ನೌಕಾಪಡೆಯ ಸೈನಿಕರು ಆಗ ಊರೊಳಗೆ ಇಳಿದಿದ್ದರು. ಮೂರೇ ವರ್ಷಕ್ಕೆ, 1896ರಲ್ಲಿ, ಎಲ್ಲ ಶಾಲೆಗಳಲ್ಲೂ ಇಂಗ್ಲಿಷೇ ಪಾಠದ ಭಾಷೆ ಅಂತ ಕಾನೂನು ಬಂತು. ಶಾಲೆಯಲ್ಲಿ ಹವಾಯಿಯನ್ ಆಡಿದ ಮಕ್ಕಳಿಗೆ ಏಟು ಬಿತ್ತು. ಆ ಮಕ್ಕಳು ದೊಡ್ಡವರಾದರು. ತಮ್ಮ ಮಕ್ಕಳಿಗೆ ಆ ಏಟು ಬೇಡ ಅಂತ ಮನೆಯಲ್ಲೂ ಇಂಗ್ಲಿಷ್ ಆಡಿದರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದರು.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ತಾಳೆಗರಿ ಕಟ್ಟು ಇದೆ. ತಿಗಳಾರಿ ಲಿಪಿಯದು. ವರ್ಷಕ್ಕೊಮ್ಮೆ ಇಳಿಸಿ ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಅಟ್ಟಕ್ಕೆ ಏರಿಸುತ್ತೇವೆ. ಅದರಲ್ಲಿ ಏನಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪೂಜೆ ಮಾಡುತ್ತೇವೆ, ಓದುವುದಿಲ್ಲ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೇ. ಬಡಗಣ ಕರ್ನಾಟಕದವರ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ. ಹವಾಯಿಯ ಆ ಲಕ್ಷ ಪುಟಗಳ ಬಗ್ಗೆ ಮೊದಲು ತಿಳಿದ ದಿನ ನನಗೆ ನೆನಪಾದದ್ದು ಆ ಕೆಂಪು ಬಟ್ಟೆಯ ಗಂಟು.

ಈಗ ಒಂದೇ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ. 1897. ಹವಾಯಿಯನ್ನು ಅಮೆರಿಕಕ್ಕೆ ಸೇರಿಸುವ ಒಪ್ಪಂದ ವಾಷಿಂಗ್ಟನ್ನಿನಲ್ಲಿ ಸೆನೆಟ್‌ನ ಒಪ್ಪಿಗೆಗೆ ಕಾಯುತ್ತಿತ್ತು. ಹುಯಿ ಅಲೋಹಾ ಆಯಿನಾ, ಅಂದರೆ ನೆಲವನ್ನು ಪ್ರೀತಿಸುವವರ ಸಂಘ, ದ್ವೀಪ ದ್ವೀಪ ತಿರುಗಿ ವಿರೋಧದ ಮನವಿಗೆ ಸಹಿ ಹಾಕಿಸಿತು. ಗಂಡಸರ ಸಂಘ ಬೇರೆ, ಹೆಂಗಸರ ಸಂಘ ಬೇರೆ. ಹಾಳೆಗಳೂ ಬೇರೆ ಬೇರೆ. ತಲೆಯಲ್ಲಿ ಹವಾಯಿಯನ್ ಮತ್ತು ಇಂಗ್ಲಿಷ್ ಎರಡರಲ್ಲೂ ಮನವಿಯ ಒಕ್ಕಣೆ. ಕೆಳಗೆ ಸಾಲು ಸಾಲು ಹೆಸರು, ಪಕ್ಕದಲ್ಲಿ ವಯಸ್ಸು. ಒಬ್ಬೊಬ್ಬರ ಕೈಬರಹ ಒಂದೊಂದು ಥರ. ಒಟ್ಟು 21,000ಕ್ಕೂ ಹೆಚ್ಚು ಸಹಿ. 1890ರ ಜನಗಣತಿಯಲ್ಲಿ ಮಿಶ್ರ ಮೂಲದವರೂ ಸೇರಿ ಹವಾಯಿ ಜನ ಇದ್ದದ್ದೇ ಸುಮಾರು 40,000. ಲೆಕ್ಕ ಹಾಕಿ. ಸಹಿ ಹಾಕದ ಮನೆ ಸಿಗುವುದೇ ಕಷ್ಟ.

ನಾಲ್ಕು ಜನ ಆ ಕಟ್ಟನ್ನು ಹಡಗಿನಲ್ಲೂ ರೈಲಿನಲ್ಲೂ ವಾಷಿಂಗ್ಟನ್ನಿಗೆ ಹೊತ್ತುಕೊಂಡು ಹೋದರು. ಒಪ್ಪಂದಕ್ಕೆ ಸೆನೆಟ್‌ನಲ್ಲಿ ಬೇಕಾದ ಮೂರನೇ ಎರಡರಷ್ಟು ಮತ ಕೂಡಲಿಲ್ಲ. ಆದರೆ ಮರುವರ್ಷ ಸ್ಪೇನಿನ ಜೊತೆ ಯುದ್ಧ ಶುರುವಾಯಿತು. 1898ರ ಜುಲೈನಲ್ಲಿ ಬರೀ ಬಹುಮತ ಸಾಕಾಗುವ ಜಂಟಿ ನಿರ್ಣಯದ ಮೂಲಕ ಹವಾಯಿಯನ್ನು ಸೇರಿಸಿಕೊಂಡರು. ಮನವಿಯ ಕಟ್ಟು ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರ ಸೇರಿತು. ಸುಮಾರು ನೂರು ವರ್ಷ ಹವಾಯಿಯ ಶಾಲೆಗಳಲ್ಲಿ ಅದರ ಮಾತೇ ಇಲ್ಲ. "ನಿಮ್ಮವರು ಸುಮ್ನೆ ಒಪ್ಪಿಕೊಂಡರು" ಅಂತಲೇ ಮಕ್ಕಳು ಕೇಳಿ ಬೆಳೆದರು.

1996ರಲ್ಲಿ ನೋಎನೋಎ ಸಿಲ್ವಾ ಎಂಬ ವಿದ್ವಾಂಸೆ ಆ ಕಟ್ಟನ್ನು ಹುಡುಕಿ ತೆಗೆದರು. ಅವರಿಗೆ ಅದು ಸಿಕ್ಕಿದ್ದು ಹೇಗೆ ಅಂದರೆ, ಅವರು ಹವಾಯಿಯನ್ ಓದಬಲ್ಲವರಾಗಿದ್ದರು. ಆ ಕಾಲದ ಹವಾಯಿಯನ್ ಪತ್ರಿಕೆಗಳಲ್ಲಿ ಮನವಿಯ ಸುದ್ದಿ ದಂಡಿಯಾಗಿತ್ತು. ಇಂಗ್ಲಿಷ್ ಪುಸ್ತಕಗಳನ್ನಷ್ಟೇ ಓದಿ ಇತಿಹಾಸ ಬರೆದವರಿಗೆ ಅದು ಕಂಡಿರಲಿಲ್ಲ. ಪ್ರತಿಗಳು ಹವಾಯಿಗೆ ಬಂದ ಮೇಲೆ ಜನ ಬಂದು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ತಮ್ಮವರ ಹೆಸರು ಹುಡುಕಿದರು. ಮುತ್ತಜ್ಜಿಯ ಹೆಸರು, ಪಕ್ಕದಲ್ಲಿ ವಯಸ್ಸು. ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲದವರಿಗೆ ಮುತ್ತಜ್ಜಿಯ ಕೈಬರಹವೇ ಸಿಕ್ಕಿತು. ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಆದರೆ ಹೆಸರು ಹುಡುಕುವುದು ಸುಲಭದ ಕೆಲಸವಲ್ಲ. ಹಿಂದೆ ಹವಾಯಿಯವರಿಗೆ ಒಂದೇ ಹೆಸರು. ಅಪ್ಪನ ಹೆಸರು ಮಗನಿಗೆ ಅಂಟುತ್ತಿರಲಿಲ್ಲ. 1860ರಲ್ಲಿ ಕಾನೂನು ಬಂತು. ಅಪ್ಪನ ಹೆಸರೇ ಮನೆತನದ ಹೆಸರಾಗಬೇಕು, ಮುಂದೆ ಒಂದು ಕ್ರೈಸ್ತ ಹೆಸರು ಇರಬೇಕು. ಹಾಗಾಗಿ ಹುಡುಕುತ್ತಾ ಹಿಂದಕ್ಕೆ ಹೋದವರಿಗೆ ಆ ವರ್ಷದ ಹತ್ತಿರ ದಾರಿ ಕಡಿದಂತಾಗುತ್ತದೆ. ಅಲ್ಲಿಂದ ಹಿಂದಕ್ಕೆ ದಾಟಲು ಭೂದಾಖಲೆ ಬೇಕು. 1848ರ ಮಹಾ ಭೂವಿಂಗಡಣೆಯ ಕಾಲದಲ್ಲಿ ರೈತರು ಬಂದು "ಈ ತುಂಡು ನನ್ನದು, ಈ ಕಡೆ ಇಂಥವರ ಗದ್ದೆ, ಆ ಕಡೆ ತೊರೆ, ಇದು ನನಗೆ ಇಂಥವರಿಂದ ಬಂತು" ಅಂತ ಸಾಕ್ಷಿ ಹೇಳಿದ್ದಾರೆ. ನಮ್ಮ ಹಳೇ ಪಹಣಿ, ಚೆಕ್ಕುಬಂದಿ ಓದಿದವರಿಗೆ ಅದರ ಬೆಲೆ ಗೊತ್ತು. ಪಕ್ಕದ ಗದ್ದೆಯವನ ಸಾಕ್ಷಿಯಲ್ಲೂ ನಿಮ್ಮ ಅಜ್ಜನ ಹೆಸರು ಇರಬಹುದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಉಗುಳು ಕಳಿಸಿದರೆ ಇಷ್ಟು ಶೇಕಡಾ ಪಾಲಿನೇಷ್ಯನ್ ಅಂತ ಉತ್ತರ ಬರುತ್ತೆ, ನಿಜ. ಆದರೆ ಹಾನಾಯಿ ಅಂತ ಅಲ್ಲೊಂದು ಪದ್ಧತಿ ಇದೆ. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಗೆ ಕೊಡುವುದು, ಅಥವಾ ಬಂಧುಗಳಿಗೆ, ಸ್ನೇಹಿತರಿಗೆ ಸಾಕಲು ಕೊಡುವುದು. ಮುಚ್ಚುಮರೆ ಇಲ್ಲ. ಮಗುವಿಗೆ ಎರಡೂ ಮನೆ ಗೊತ್ತಿರುತ್ತದೆ. ಸಾಕಿದವರ ಕಥೆ, ಹಾಡು, ವಿದ್ಯೆ ಎಲ್ಲ ಆ ಮಗುವಿಗೆ ಬರುತ್ತದೆ. ಅದು ಉಗುಳಿನಲ್ಲಿ ಕಾಣುವುದಿಲ್ಲ.

ಮೇರಿ ಕವೇನಾ ಪುಕುಯಿ ಹೀಗೇ ಬೆಳೆದವರು. 1895ರಲ್ಲಿ ಹುಟ್ಟಿದರು. ಅಪ್ಪ ಅಮೆರಿಕದ ಮ್ಯಾಸಚೂಸೆಟ್ಸ್ ಕಡೆಯವರು. ಮಗುವನ್ನು ತಾಯಿಯ ತಾಯಿ ಸಾಕಿದರು. ಅಜ್ಜಿಯಿಂದ ಬಂದ ಮಾತು, ಪದ, ಆಚಾರ ಅವರಲ್ಲಿ ಜೀವಮಾನವಿಡೀ ಉಳಿಯಿತು. 1957ರಲ್ಲಿ ಸ್ಯಾಮ್ಯುಯೆಲ್ ಎಲ್ಬರ್ಟ್ ಜೊತೆ ಸೇರಿ ಅವರು ಹೊರತಂದ ನಿಘಂಟನ್ನು ಇವತ್ತಿಗೂ ಕೈಬಿಟ್ಟು ಕೆಲಸ ಸಾಗುವುದಿಲ್ಲ. ಅವರು ಕೂಡಿಟ್ಟ ಗಾದೆಗಳು 2,942. ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿ ಹಳ್ಳಿಗೆ ಹೋಗಿ ಮುದುಕ ಮುದುಕಿಯರನ್ನು ಮಾತಾಡಿಸಿದರು. ಮುಂದೆ 1972ರಿಂದ 1988ರವರೆಗೆ ಲ್ಯಾರಿ ಕಿಮುರಾ ರೇಡಿಯೋದಲ್ಲಿ ಇದೇ ಕೆಲಸ ಮಾಡಿದರು. ಹವಾಯಿಯನ್ ತಾಯ್ನುಡಿಯಾದ ಹಿರಿಯರ ಜೊತೆ ಹವಾಯಿಯನ್‌ನಲ್ಲೇ ಮಾತುಕತೆ. ಆ ಧ್ವನಿಗಳು ಈಗ ಗಣಕದಲ್ಲಿ ಯಾರು ಬೇಕಾದರೂ ಕೇಳಲು ಸಿಗುತ್ತವೆ.

ಧ್ವನಿ ಯಾಕೆ ಅಷ್ಟು ಮುಖ್ಯ? ಒಂದು ಉದಾಹರಣೆ ಕೊಡುತ್ತೇನೆ, ನೀವೂ ಜೊತೆಗೆ ಹೇಳಿ ನೋಡಿ. ಪೌ ಅಂದರೆ ಮುಗಿಯಿತು. ನಡುವೆ ಗಂಟಲಲ್ಲಿ ಸಣ್ಣದಾಗಿ ಉಸಿರು ತಡೆದು ಪ-ಉ ಅನ್ನಿ, ಅದು ಮಸಿ. ಕೊನೆಯದನ್ನು ಎಳೆದು ಪ-ಊ ಅನ್ನಿ, ತೇವ. ಎರಡನ್ನೂ ಎಳೆದು ಪಾ-ಊ ಅನ್ನಿ, ಹೆಂಗಸರು ಉಡುವ ಲಂಗ. ಹ್ರಸ್ವ ದೀರ್ಘ ನಮಗೆ ಬಾಲ್ಯದಿಂದಲೇ ಬಂದದ್ದು, ಹಾಗಾಗಿ ನಮ್ಮ ಕಿವಿಗೆ ಇದು ಸಲೀಸು. ಆದರೆ ಆ ಹಳೇ ಪತ್ರಿಕೆಗಳಲ್ಲಿ ದೀರ್ಘದ ಗೆರೆಯೂ ಇಲ್ಲ, ಉಸಿರು ತಡೆಯುವ ಚಿಹ್ನೆಯೂ ಇಲ್ಲ. ನಾಲ್ಕಕ್ಕೂ ಒಂದೇ ಅಕ್ಷರ ಜೋಡಿಸಿದ್ದಾರೆ. ಬರೆದವರಿಗೂ ಓದಿದವರಿಗೂ ಭಾಷೆ ಗೊತ್ತಿತ್ತು, ಚಿಹ್ನೆ ಬೇಕಾಗಲಿಲ್ಲ. ನಮ್ಮ ಹಳೇ ಶಾಸನಗಳಲ್ಲೂ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಬರೆಯುತ್ತಿರಲಿಲ್ಲ. ಈಗ ಹೊಸದಾಗಿ ಕಲಿತವರು ಆ ಪತ್ರಿಕೆ ಓದುವಾಗ ವಾಕ್ಯದ ಹಿಂದು ಮುಂದು ನೋಡಿ, ಇಲ್ಲಿ ಮಸಿಯೋ ಲಂಗವೋ ಅಂತ ತೀರ್ಮಾನಿಸಬೇಕು. ಅಜ್ಜಿಯ ಧ್ವನಿ ಕೇಳಿದ ಕಿವಿ ಇದ್ದರೆ ಮಾತ್ರ ಅದು ಸಾಧ್ಯ.

2011ರ ನವೆಂಬರ್ 28ರಂದು ಒಂದು ದೊಡ್ಡ ಕೆಲಸ ಶುರುವಾಯಿತು. 1843ರಲ್ಲಿ ಬ್ರಿಟನ್ನೂ ಫ್ರಾನ್ಸೂ ಹವಾಯಿಯ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದ ದಿನ ಅದು. ಪತ್ರಿಕೆಗಳ ಚಿತ್ರಗಳು ಇದ್ದವು. ಆದರೆ ಮಸುಕಾದ ಅಚ್ಚನ್ನು ಯಂತ್ರ ಸರಿಯಾಗಿ ಓದುತ್ತಿರಲಿಲ್ಲ. ಹಾಗಾಗಿ ಸಾವಿರಾರು ಜನ ಸ್ವಯಂಸೇವಕರು ಮನೆಯಲ್ಲಿ ಕೂತು ಒಂದೊಂದು ಪುಟ ತೆಗೆದುಕೊಂಡು ಟೈಪ್ ಮಾಡಿದರು. ಅವರಲ್ಲಿ ಎಷ್ಟೋ ಜನಕ್ಕೆ ಹವಾಯಿಯನ್ ಬರುತ್ತಿರಲಿಲ್ಲ. ಕಂಡ ಅಕ್ಷರವನ್ನು ಕಂಡ ಹಾಗೇ ಒತ್ತಿದರು. ಬರದ ಭಾಷೆಯ ಒಂದು ಪುಟವನ್ನು ತಪ್ಪಿಲ್ಲದೆ ಟೈಪ್ ಮಾಡಲು ಗಂಟೆಗಟ್ಟಲೆ ಬೇಕು. ಆದರೂ ಮಾಡಿದರು.

ಈಗ ಮಕ್ಕಳ ವಿಷಯ. 1980ರ ದಶಕದ ಆರಂಭದಲ್ಲಿ ಹವಾಯಿಯನ್ ಆಡುವ ಮಕ್ಕಳು ಐವತ್ತಕ್ಕಿಂತ ಕಡಿಮೆ ಅಂತ ಅಂದಾಜು. ಅವರಲ್ಲೂ ಹೆಚ್ಚಿನವರು ನೀಹಾವು ದ್ವೀಪದವರು. ಅದು ಖಾಸಗಿ ದ್ವೀಪ, ಹೊರಗಿನವರು ಸುಲಭವಾಗಿ ಹೋಗುವಂತಿಲ್ಲ, ಹಾಗಾಗಿ ಅಲ್ಲಿ ಮಾತು ಉಳಿದಿತ್ತು. 1978ರಲ್ಲೇ ಹವಾಯಿಯನ್ ನುಡಿ ಹವಾಯಿ ರಾಜ್ಯದ ಅಧಿಕೃತ ಭಾಷೆಯಾಗಿತ್ತು. ಅಧಿಕೃತ ಅಂತ ಸಂವಿಧಾನದಲ್ಲಿ ಬರೆದರೆ ಮಗು ಮಾತಾಡುತ್ತದಾ? ದಾರಿ ತೋರಿಸಿದ್ದು ಮಾವೊರಿ ಜನ. ಅವರು 1972ರಲ್ಲಿ 30,000 ಸಹಿ ಸೇರಿಸಿ, ಶಾಲೆಯಲ್ಲಿ ತಮ್ಮ ಭಾಷೆ ಕಲಿಸಿ ಅಂತ ಸಂಸತ್ತಿಗೆ ಮನವಿ ಕೊಟ್ಟವರು. 1982ರಲ್ಲಿ ಕೋಹಂಗ ರೆಯೋ ತೆರೆದರು. ಭಾಷೆಯ ಗೂಡು ಅಂತ ಅರ್ಥ. ಅಜ್ಜಿಯರು ಕೂತು ಪುಟ್ಟ ಮಕ್ಕಳ ಜೊತೆ ಬರೀ ಮಾವೊರಿ ಆಡುವ ಜಾಗ. ಹವಾಯಿಯವರು ಅದನ್ನು ನೋಡಿ 1984ರಲ್ಲಿ ಕವಾಯಿ ದ್ವೀಪದ ಕೆಕಹಾದಲ್ಲಿ ಪೂನನ ಲೆಯೋ ತೆರೆದರು. ದನಿಯ ಗೂಡು.

ಆಗಿನ್ನೂ 1896ರ ಆ ಇಂಗ್ಲಿಷ್ ನಿಯಮ ಹೋಗಿರಲಿಲ್ಲ. ಅಪ್ಪ ಅಮ್ಮಂದಿರು ಶಾಸಕರ ಬಾಗಿಲು ತಟ್ಟಿ 1986ರಲ್ಲಿ ಅದನ್ನು ತೆಗೆಸಿದರು. 1987ರಲ್ಲಿ ಸರ್ಕಾರಿ ಶಾಲೆಯಲ್ಲೂ ಹವಾಯಿಯನ್ ತರಗತಿ ಬಂತು. ಗೂಡಿಗೆ ಮಗುವನ್ನು ಕಳಿಸಿದರೆ ಪೋಷಕರೂ ಭಾಷೆ ಕಲಿಯಬೇಕು, ತಿಂಗಳಿಗೆ ಇಷ್ಟು ಹೊತ್ತು ಅಂತ ಶಾಲೆಯಲ್ಲಿ ದುಡಿಯಬೇಕು. ಪಠ್ಯಪುಸ್ತಕ ಇರಲಿಲ್ಲ. ಇಂಗ್ಲಿಷ್ ಪುಸ್ತಕದ ಸಾಲುಗಳ ಮೇಲೆ ಹವಾಯಿಯನ್ ಅನುವಾದದ ಚೀಟಿ ಕತ್ತರಿಸಿ ಅಂಟಿಸಿದರು. ಹೊಸ ಪದಗಳನ್ನೂ ಕಟ್ಟಿದರು. ಕಂಪ್ಯೂಟರ್‌ಗೆ ಲೋಲೋ ಉಯಿಲಾ, ಅಂದರೆ ವಿದ್ಯುತ್ತಿನ ಮಿದುಳು. ಉಯಿಲಾ ಅಂದರೆ ಮೊದಲು ಮಿಂಚು. ನಮ್ಮ ವಿದ್ಯುತ್ ಕೂಡ ಮಿಂಚೇ ತಾನೇ.

ಎಲ್ಲ ನುಣ್ಣಗೆ ನಡೆಯಿತು ಅಂತ ನಾನು ಹೇಳುವುದಿಲ್ಲ. ಮನೆಯಲ್ಲೇ ಹವಾಯಿಯನ್ ಆಡಿ ಬೆಳೆದ ಹಿರಿಯರಿಗೆ ಶಾಲೆಯಲ್ಲಿ ಕಲಿತವರ ಮಾತು ಬೇರೆ ಥರ ಕೇಳಿಸುತ್ತೆ. ಇದು ಪುಸ್ತಕದ ಮಾತು, ಇದರಲ್ಲಿ ಇಂಗ್ಲಿಷಿನ ಓಟ ಇದೆ ಅನ್ನುತ್ತಾರೆ. ಅವರು ಹೇಳುವುದು ಸರಿ. ಅದಕ್ಕೇ ಆ ಹಳೇ ಧ್ವನಿಮುದ್ರಣಗಳಿಗೆ ಕಿವಿಗೊಟ್ಟು ಕಲಿಯುವವರು ಈಗ ಹೆಚ್ಚುತ್ತಿದ್ದಾರೆ. ತಪ್ಪಿಲ್ಲದೆ ಬರುವವರೆಗೂ ಬಾಯಿ ಮುಚ್ಚಿಕೊಂಡಿದ್ದರೆ ಆ ಹಿರಿಯರ ಜೊತೆಗೇ ಮಾತು ಹೋಗುತ್ತಿತ್ತು ಅನ್ನುವುದೂ ಸರಿ.

ಓದು ಅಂದಮೇಲೆ ಆಕಾಶ ಓದುವುದನ್ನೂ ಹೇಳಲೇಬೇಕು. 1976ರಲ್ಲಿ ಹೋಕೂಲೆಯಾ ಎಂಬ ಜೋಡಿ ದೋಣಿ, ದಿಕ್ಸೂಚಿಯೂ ಇಲ್ಲದೆ, ಹವಾಯಿಯಿಂದ ತಹಿತಿಗೆ ಹೋಯಿತು. ಹವಾಯಿಯಲ್ಲಿ ಆ ವಿದ್ಯೆ ತಿಳಿದವರು ಒಬ್ಬರೂ ಉಳಿದಿರಲಿಲ್ಲ. ಮೈಕ್ರೊನೇಷ್ಯಾದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮಾವು ಪಿಯಾಯಿಲುಗ್ ಬಂದು ನಕ್ಷತ್ರ ಮತ್ತು ಅಲೆ ನೋಡಿ ದಾರಿ ತೋರಿದರು. ತಮ್ಮ ವಿದ್ಯೆಯನ್ನು ಹೊರಗಿನವರಿಗೂ ಕಲಿಸಿದರು. ಅವರಿಂದ ಕಲಿತ ನೈನೋವಾ ಥಾಂಪ್ಸನ್ 1980ರಲ್ಲಿ ತಾವೇ ದೋಣಿ ನಡೆಸಿದರು. 1976ರಲ್ಲಿ ದೋಣಿ ತಹಿತಿ ಮುಟ್ಟಿದಾಗ ದಡದಲ್ಲಿ ಸುಮಾರು 17,000 ಜನ ಸೇರಿದ್ದರು. ಹೋಕೂಲೆಯಾ ಅಂದರೆ ಯಾವ ನಕ್ಷತ್ರ ಗೊತ್ತಾ? ನಮ್ಮ ಸ್ವಾತಿ. ಹವಾಯಿಯಲ್ಲಿ ಅದು ನೆತ್ತಿಯ ಮೇಲೆ ನೆಟ್ಟಗೆ ಬರುತ್ತದೆ. ಸ್ವಾತಿ ನೆತ್ತಿಗೆ ಬಂತು ಅಂದರೆ ಊರಿನ ಸಾಲಿಗೆ ಬಂದೆವು ಅಂತ ದೋಣಿಯವರಿಗೆ ಗೊತ್ತಾಗುತ್ತೆ. ನಾವು ಸ್ವಾತಿ ಮಳೆ ಕಾಯುತ್ತೇವೆ, ಅವರು ಸ್ವಾತಿ ನೋಡಿ ಮನೆ ಸೇರುತ್ತಾರೆ.

ಹವಾಯಿಯನ್‌ನಲ್ಲಿ ಕಳೆದ ಕಾಲಕ್ಕೆ ಕ ವಾ ಮ ಮುವಾ ಅನ್ನುತ್ತಾರೆ. ಮುಂದಿರುವ ಕಾಲ ಅಂತ ಅರ್ಥ. ಬರುವ ಕಾಲಕ್ಕೆ ಕ ವಾ ಮ ಹೋಪೆ, ಬೆನ್ನ ಹಿಂದಿರುವ ಕಾಲ. ನಡೆದುಹೋದದ್ದು ಕಣ್ಣೆದುರಿಗೆ ಕಾಣುತ್ತದೆ, ಬರುವುದು ಕಾಣುವುದಿಲ್ಲ. ನಮಗೆ ಇದು ತಿರುಗುಮುರುಗು ಅನ್ನಿಸಬಹುದು. ಆದರೆ ನಮ್ಮ ಮುನ್ನ, ಮುಂಚೆ ಅನ್ನುವ ಪದಗಳನ್ನು ನೋಡಿ. ಮುಂದೆ ಅನ್ನುವ ಬೇರಿನಿಂದಲೇ ಬಂದವು, ಅರ್ಥ ಮಾತ್ರ ಕಳೆದದ್ದು.

ಪ್ರಶ್ನೋತ್ತರದ ಹೊತ್ತಿನಲ್ಲಿ ಒಬ್ಬರು ಕೇಳಿದರು: ಅಜ್ಜಿಯ ಊರೂ ಗೊತ್ತಿಲ್ಲದ ಮೊಮ್ಮಗಳು ಎಲ್ಲಿಂದ ಶುರು ಮಾಡಬೇಕು? ಮನೆಯಲ್ಲಿ ಬದುಕಿರುವ ಅತಿ ಹಿರಿಯರ ಹತ್ತಿರ ಕೂತು, ಅವರು ಹೇಳಿದ ಹೆಸರನ್ನೆಲ್ಲ ಅವರು ಉಚ್ಚರಿಸಿದ ಹಾಗೇ ಮುದ್ರಿಸಿಕೊಳ್ಳಬೇಕು. ಜನರ ಹೆಸರಿಗಿಂತ ಜಾಗದ ಹೆಸರು ಜಾಸ್ತಿ ಕೇಳಬೇಕು. ಆಮೇಲೆ 1897ರ ಹಾಳೆ, ಭೂದಾಖಲೆ, ಪತ್ರಿಕೆ. ಇವೆಲ್ಲದರ ಜೊತೆಗೇ, ನಿಧಾನವಾಗಿಯಾದರೂ, ಭಾಷೆ. ಭಾಷೆ ಇಲ್ಲದೆ ಹುಡುಕಿದರೆ ಹೆಸರು ಸಿಗುತ್ತೆ, ಆ ಹೆಸರಿನ ಅರ್ಥ ಸಿಗುವುದಿಲ್ಲ.

ಅರ್ಥ ಅಂದಾಗ ಓಹನಾ ಅನ್ನುವ ಪದ ನೆನಪಾಯಿತು. ಕುಟುಂಬ ಅಂತ ಎಲ್ಲರೂ ಹೇಳುತ್ತಾರೆ. ಅದರೊಳಗಿರುವುದು ಓಹಾ, ಕೆಸುವಿನ ತಾಯಿಗೆಡ್ಡೆಯ ಪಕ್ಕದಲ್ಲಿ ಒಡೆಯುವ ಮರಿ. ಹವಾಯಿಯ ಕಲೋ ನಮ್ಮ ಕೆಸುವೇ. ನಾವು ಎಲೆ ಸುತ್ತಿ ಪತ್ರೊಡೆ ಮಾಡುತ್ತೇವೆ, ಅವರು ಗೆಡ್ಡೆ ಬೇಯಿಸಿ ಜಜ್ಜಿ ಪೋಯಿ ಮಾಡುತ್ತಾರೆ. ಅವರ ಪುರಾಣದಲ್ಲಿ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು. ಮಣ್ಣು ಮಾಡಿದ ಜಾಗದಲ್ಲಿ ಕೆಸು ಚಿಗುರಿತು. ಆಮೇಲೆ ಹುಟ್ಟಿದ ತಮ್ಮನಿಂದ ಜನ ಬೆಳೆದರು. ಹಾಗಾಗಿ ಕೆಸು ಅವರಿಗೆ ಅಣ್ಣ. ಸಕ್ಕರೆ ತೋಟಗಳು ನೀರು ತಿರುಗಿಸಿಕೊಂಡಾಗ ಒಣಗಿಹೋದ ಕೆಸುವಿನ ಗದ್ದೆಗಳನ್ನು ಈಗ ಎಷ್ಟೋ ಕಡೆ ಮತ್ತೆ ತೆರೆಯುತ್ತಿದ್ದಾರೆ. ಶಾಲೆಯ ಮಕ್ಕಳು ಮೊಣಕಾಲವರೆಗೆ ಕೆಸರಲ್ಲಿ ನಿಂತು ಹವಾಯಿಯನ್‌ನಲ್ಲೇ ಮಾತಾಡಿಕೊಂಡು ಕೆಲಸ ಮಾಡುತ್ತಾರೆ. ಗೆಡ್ಡೆಯನ್ನು ಊಟಕ್ಕೆ ಕತ್ತರಿಸಿಕೊಂಡು, ತುದಿಯ ಕಾಂಡಕ್ಕೆ ಒಂದು ಬೆರಳಷ್ಟು ಗೆಡ್ಡೆ ಉಳಿಸಿ, ಅದನ್ನು ಅದೇ ಗದ್ದೆಯಲ್ಲಿ ಮತ್ತೆ ನೆಡುತ್ತಾರೆ.